ನಮಗಿಂತ ಮೊದಲೇ ಹೊರಟ ಗಂಟು

೧೯೫೮ರ ಬೇಸಿಗೆ. ನಾನು ಮದುವೆಯಾಗಿ ಶಿಕಾರಿಪುರಕ್ಕೆ ಬಂದು ಎರಡನೇ ವರ್ಷ. ನನಗೆ ಚಿಕ್ಕಂದಿನಿಂದಲೂ ಕೂತಲ್ಲಿ ಕೂರಲಾಗದು. "ಇವಳ ಕಾಲಿಗೆ ಚಕ್ರ ಇದೆ" ಅಂತ ನಮ್ಮಮ್ಮ ಬೈಯುತ್ತಿದ್ದಳು. ಅಂಥವಳು ಹೋಗಿ ಹೋಗಿ ಸೇರಿದ್ದು ನಮ್ಮ ಮಾವನವರ ಮನೆಯನ್ನು! ಜಮೀನು ಅಳೆಯುವ ಮೋಜಣಿ ಇಲಾಖೆಯಲ್ಲಿದ್ದು ನಿವೃತ್ತರಾಗಿದ್ದ ಅವರು ಪಂಚಾಂಗ ನೋಡದೆ ಕ್ಷೌರಕ್ಕೂ ಕೂರುವವರಲ್ಲ.

ಆ ವರ್ಷ ಅತ್ತೆಯ ಕಣ್ಣು ಕೆಟ್ಟಿತು. ಶಿವಮೊಗ್ಗದ ಡಾಕ್ಟರು ದೀಪ ಹಿಡಿದು ನೋಡಿ, "ಪೊರೆಯಾಗಿದ್ದರೆ ತೆಗೀಬಹುದಿತ್ತು. ಇದು ಸುತ್ತಲಿಂದ ಮುಚ್ಚುತ್ತಾ ಬರೋ ಕಾಯಿಲೆ. ಎಷ್ಟು ದಿನ ಅಂತ ಹೇಳೋಕಾಗಲ್ಲ" ಅಂದರು. ಅತ್ತೆ ಅಳಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಕಿವಿಯ ಹತ್ತಿರ ಬಗ್ಗಿ, "ಬಳೆಯೊಳಗಿಂದ ನೋಡಿದ ಹಾಗೆ ಕಾಣ್ತದೆ ಕಣೇ. ಪೂರ್ತಿ ಮುಚ್ಚೋದರೊಳಗೆ ಒಂದ್ಸಲ ಸಮುದ್ರ ನೋಡಬೇಕು" ಅಂದರು. ಅವರು ತಮಗೆ ಅಂತ ಏನನ್ನಾದರೂ ಬಾಯಿ ಬಿಟ್ಟು ಕೇಳಿದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ.

ಮಾವ ಒಪ್ಪಿದರು. ಒಪ್ಪಿದ್ದೇ ತಡ, ಜಗಲಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ದಾರಿ ಬರೆದರು. ಇಲ್ಲಿಂದ ಸೊರಬ, ಸೊರಬದಲ್ಲಿ ಮಗಳ ಮನೆಯಲ್ಲಿ ಊಟ, ಸಾಗರದಲ್ಲಿ ವಸತಿ, ಆಮೇಲೆ ಜೋಗ, ಗೇರುಸೊಪ್ಪೆ ಘಾಟಿ, ಹೊನ್ನಾವರ. ಘಾಟಿಯ ತಿರುವು ಒಂದೊಂದನ್ನೂ ಬಿಡದೆ ಎಳೆದರು. ಬೆಳಿಗ್ಗೆ ನಾನು ನೆಲ ಸಾರಿಸಿದರೆ ಅಳಿಸಿಹೋಗುತ್ತಿತ್ತು. ಸಂಜೆ ಅವರು ಮತ್ತೆ ಬರೆಯುತ್ತಿದ್ದರು. ಹೊರಡುವ ದಿನ ಮಾತ್ರ ಬರಲೇ ಇಲ್ಲ. ಒಮ್ಮೆ ಅಮಾವಾಸ್ಯೆ ಹತ್ತಿರ, ಒಮ್ಮೆ ನಕ್ಷತ್ರ ಸರಿಯಿಲ್ಲ, ಒಮ್ಮೆ ಬಾಡಿಗೆ ಕಾರಿನ ರಜಾಕ್ ಸಾಹೇಬರಿಗೆ ಯಾರದೋ ಮದುವೆಯ ಬಾಡಿಗೆ. ನಾನಂತೂ ಕುದಿಯುವ ಅನ್ನದ ಪಾತ್ರೆಯ ಮುಚ್ಚಳದಂತೆ ದಡಬಡ ಅನ್ನುತ್ತಾ ಓಡಾಡುತ್ತಿದ್ದೆ. ಇತ್ತ ಅತ್ತೆ ಹಾಲು ಹಾಕುವಾಗ ಲೋಟದ ಆಚೆ ಸುರಿಯಲು ಶುರು ಮಾಡಿದ್ದರು.

ಕೊನೆಗೆ ಒಂದು ಭಾನುವಾರ ಕಾರು ಸಿಕ್ಕಿತು. ಆದರೆ ಭಾನುವಾರ ಪಶ್ಚಿಮಕ್ಕೆ ಶೂಲೆ, ಆ ದಿಕ್ಕಿಗೆ ಹೊರಡಬಾರದು!

"ಅದಕ್ಕೇನೀಗ? ಗುರುವಾರವೇ ಪ್ರಸ್ಥಾನ ಇಟ್ಟುಬಿಡೋಣ" ಅಂದರು ಮಾವ. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ ನಮ್ಮಲ್ಲಿ ಹೀಗೆ ಮಾಡುತ್ತಾರೆ. ಯಜಮಾನನ ಬಟ್ಟೆಯೊಂದರಲ್ಲಿ ಅಕ್ಕಿ, ಅರಿಶಿನದ ಕೊಂಬು, ತೆಂಗಿನಕಾಯಿ ಕಟ್ಟಿ, ಒಳ್ಳೆಯ ಗಳಿಗೆಯಲ್ಲಿ ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಅಲ್ಲಿಗೆ ಪ್ರಯಾಣ ಶುರುವಾದ ಲೆಕ್ಕ. ಆಮೇಲೆ ಯಾವತ್ತು ಬೇಕಾದರೂ ಆ ಗಂಟು ಎತ್ತಿಕೊಂಡು ಹೊರಡಬಹುದು. ಹೋಗದೆ ಗಂಟನ್ನು ಮನೆಗೆ ವಾಪಸ್ ತರಬಾರದು ಅಷ್ಟೆ. ಗುರುವಾರ ಮಾವ ತಮ್ಮ ಜರಿ ಶಲ್ಯದಲ್ಲೇ ಗಂಟು ಕಟ್ಟಿ, ಪಕ್ಕದ ಮನೆ ಗಿರಿಜಮ್ಮನವರ ನಡುಮನೆಯಲ್ಲಿ ಇಟ್ಟು ಬಂದರು.

ಶನಿವಾರ ಮಧ್ಯಾಹ್ನ ಎಲ್ಲಿತ್ತೋ ಏನೋ, ಗುಡುಗು, ಗಾಳಿ, ಆಲಿಕಲ್ಲು! ಮಾವ ಬಾಗಿಲಲ್ಲಿ ನಿಂತು ಆಕಾಶ ನೋಡಿದರು. ಸೀಮೆಸುಣ್ಣದ ದಾರಿ ಎರಚಲಿಗೆ ತೊಳೆದುಹೋಗುತ್ತಿತ್ತು.

"ಘಾಟಿ ಜಾರ್ತದೆ. ಈ ವರ್ಷ ಬೇಡ. ಮುಂದಿನ ಬೇಸಿಗೆಗೆ ಹೋದರಾಯ್ತು" ಅಂದರು.

"ಮುಂದಿನ ಬೇಸಿಗೆಗಾ? ಅಷ್ಟರಲ್ಲಿ ಅತ್ತೆಗೆ..." ಅಂತ ಬಾಯಿ ತಪ್ಪಿ ಶುರು ಮಾಡಿ ನಾಲಿಗೆ ಕಚ್ಚಿಕೊಂಡೆ. ಅತ್ತೆ ಅಲ್ಲೇ ಕಂಬಕ್ಕೆ ಒರಗಿ ಹೂಬತ್ತಿ ಹೊಸೆಯುತ್ತಿದ್ದರು. ತಲೆ ಎತ್ತಲಿಲ್ಲ.

"ಪ್ರಸ್ಥಾನ ಇಟ್ಟಾಗಿದೆಯಲ್ಲ ಮಾವ?"

"ಬೀದಿ ದಾಟಿಲ್ಲವಲ್ಲ, ದೋಷ ಕಮ್ಮಿ. ಒಂದು ಶಾಂತಿ ಮಾಡಿಸಿದರೆ ಮುಗೀತು. ಹೋಗಿ ಗಂಟು ತಗೊಂಡು ಬಾ."

ಸಿಟ್ಟಿನಲ್ಲಿ ಕಾಲು ಅಪ್ಪಳಿಸುತ್ತಾ ಹೋದೆ. ಗಿರಿಜಮ್ಮನವರು ನನ್ನನ್ನೇ ಮಿಕಿಮಿಕಿ ನೋಡಿದರು. "ಗಂಟೆಲ್ಲಿದೆಯೇ ತಾಯಿ? ನಿನ್ನೆ ನಮ್ಮ ತಮ್ಮ ಸೊರಬದ ಬಸ್ಸಿಗೆ ಹೊರಟಿದ್ದ. ನಿಮ್ಮ ಅತ್ತೆ ಬಂದು ಅವನ ಕೈಲೇ ಕೊಟ್ಟು ಕಳಿಸಿದರಲ್ಲ!"

ನಾನು ಓಡಿ ಬಂದು ಹೇಳಿದೆ. ಮಾವ ದಂಗಾದರು. "ತಾಲ್ಲೂಕಿನ ಗಡಿಯೇ ದಾಟಿತಾ!" ಅಂದರು. ಹೆಂಡತಿಯ ಕಡೆ ತಿರುಗಿ, "ಏನೇ ಇದು?" ಅಂತ ಗುಡುಗಿದರು.

ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ಪ್ರಸ್ಥಾನ ಮುಂದಕ್ಕೆ ಹೋಗಬಾರದು ಅಂತ ಯಾವ ಪಂಚಾಂಗದಲ್ಲೂ ಇಲ್ಲವಲ್ಲ. ಹಿಂದಕ್ಕೆ ಬರಬಾರದು, ಅಷ್ಟೇ" ಅಂದರು.

ಮಾವ ಆವತ್ತು ರಾತ್ರಿ ಉಂಡವರೇ, ಅಷ್ಟು ದೂರ ಹೋದ ಗಂಟಿಗೆ ಎಂಥ ಶಾಂತಿ ಅಂತ ಪಂಚಾಂಗ ತಿರುವುತ್ತಾ ಕೂತರು.

ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ರಜಾಕ್ ಸಾಹೇಬರು ಬಾಗಿಲಿಗೆ ಕಾರು ತಂದು, "ಹೊರಡೋಣಾ ಸ್ವಾಮಿ? ಮಳೆ ಬಿದ್ದದ್ದು ಒಳ್ಳೇದೇ ಆಯ್ತು, ಧೂಳಿಲ್ಲ" ಅಂದರು. ಮಾವ ಗುಮ್ಮನೆ ಹೋಗಿ ಮುಂದೆ ಕೂತರು. "ಸೊರಬದ ತನಕ. ಗಂಟು ತಗೊಂಡು ವಾಪಸ್" ಅಂದರು. ನಮ್ಮವರಿಗೆ ರಜೆ ಸಿಕ್ಕಿರಲಿಲ್ಲ, ಹಿಂದಿನ ಸೀಟಿನಲ್ಲಿ ಅತ್ತೆ ಮತ್ತು ನಾನು. ಸೊರಬದವರೆಗೂ ನನಗೆ ಒಂದೇ ಯೋಚನೆ. ಮಗಳ ಮನೆಯಲ್ಲಿ ಊಟ ಮುಗಿಸಿ ಮಾವ ಮರಳಿ ಹೊರಡಿಸಿಬಿಟ್ಟರೆ? ಇವರ ಎದುರು ಯಾರು ವಾದ ಮಾಡೋರು?

ಸೊರಬದಲ್ಲಿ ಅತ್ತೆಯ ಮಗಳು ಲಲಿತಕ್ಕ ಬಾಗಿಲಿಗೇ ಓಡಿ ಬಂದರು. ಮಾವ ಚಪ್ಪಲಿ ಬಿಡುವ ಮೊದಲೇ, "ಗಂಟೆಲ್ಲಮ್ಮ?" ಅಂದರು.

"ಇಲ್ಲೆಲ್ಲಿದೆ ಅಪ್ಪ? ಅಮ್ಮ ಹೇಳಿಕಳಿಸಿದ್ದಳಲ್ಲ, ನಿನ್ನೆಯೇ ಸಾಗರಕ್ಕೆ ನಮ್ಮ ಮೈದುನನ ಮನೆಗೆ ಕಳಿಸಿಬಿಟ್ಟೆ."

ಮಾವ ಮೆಟ್ಟಿಲ ಮೇಲೆ ಕೂತುಬಿಟ್ಟರು. ಈಗ ಕೂಗಾಡುತ್ತಾರೆ ಅಂದುಕೊಂಡೆ. ಅವರು ಹೆಂಡತಿಯ ಮುಖ ನೋಡಿದರು. ಅತ್ತೆ ಅವರನ್ನು ಹುಡುಕುತ್ತಾ ತಲೆಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಿದ್ದರು. ಎದುರಿಗೇ ಕೂತಿದ್ದವರು ಅವರಿಗೆ ಸಿಗುತ್ತಿರಲಿಲ್ಲ. ಅದನ್ನು ಮಾವ ಅವತ್ತೇ ಮೊದಲು ಸರಿಯಾಗಿ ನೋಡಿದರು ಅನ್ನಿಸುತ್ತದೆ.

"ಊಟಕ್ಕೆ ಹಾಕಮ್ಮ. ಸಾಗರಕ್ಕೆ ಹೊತ್ತಾಗ್ತದೆ" ಅಂದರು.

ಸಾಗರದಲ್ಲಿ ಗಂಟೂ ಸಿಕ್ಕಿತು, ಹಾಸಿಗೆಯೂ ಸಿಕ್ಕಿತು. ಮರುದಿನ ಬೆಳಕು ಹರಿಯುತ್ತಲೇ ಹೊರಟೆವು. ಬೇಸಿಗೆಯ ಜೋಗ ಜನಿವಾರದಷ್ಟು ತೆಳ್ಳಗಿತ್ತು. "ಅಗೋ ಅಲ್ಲಿ ಅತ್ತೆ, ಬಂಡೆಯ ಪಕ್ಕ!" ಅಂತ ನಾನು ಬೆರಳು ಮಾಡಿದೆ. "ಹೂಂ" ಅಂದರು. ಘಾಟಿ ಇಳಿಯುವಾಗಲೂ ಅದೇ. ಕಣಿವೆ, ಸಿಂಗಳೀಕ, ಕೆಳಗೆ ಹೊಳೆ. ನಾನು ಅವರ ಗಲ್ಲ ಹಿಡಿದು ತಿರುಗಿಸುವಷ್ಟರಲ್ಲಿ ಕಾರು ಮುಂದೆ ಹೋಗಿರುತ್ತಿತ್ತು. "ರಜಾಕ್ ಸಾಹೇಬರೇ, ಸ್ವಲ್ಪ ನಿಧಾನ!" ಅಂತ ಎಷ್ಟು ಸಲ ಕಿರುಚಿದೆನೋ. ಒಂದನ್ನೂ ಬಿಡದೆ ತೋರಿಸಬೇಕು ಅನ್ನುವ ಆತುರದಲ್ಲಿ ನಾನೇ ಏನೂ ನೋಡಲಿಲ್ಲ.

ಹೊನ್ನಾವರದಲ್ಲಿ ಕೈ ಹಿಡಿದು ಮರಳಿಗೆ ಇಳಿಸಿದೆ. "ಬಲಕ್ಕೆ ದೋಣಿ ನೋಡಿ! ಅಯ್ಯೋ ಅಲ್ಲಲ್ಲ, ಇನ್ನೂ ಈಚೆ..."

"ಸ್ವಲ್ಪ ಬಾಯಿ ಮುಚ್ಚೇ ಮಾರಾಯ್ತಿ" ಅಂತ ಅತ್ತೆ ನನ್ನ ಕೈ ಬಿಡಿಸಿಕೊಂಡರು. ತಲೆಯನ್ನು ಎಡದಿಂದ ಬಲಕ್ಕೆ ನಿಧಾನವಾಗಿ ತಿರುಗಿಸಿದರು. ಮತ್ತೆ ಬಲದಿಂದ ಎಡಕ್ಕೆ. ಆಮೇಲೆ ಚಿಕ್ಕ ಹುಡುಗಿಯ ಹಾಗೆ ನಕ್ಕರು.

"ದಾರಿಯಲ್ಲಿ ನೀನು ತೋರಿಸಿದ್ದು ಒಂದೂ ಕಾಣಲಿಲ್ಲ ಕಣೇ. ನಿನಗೆ ಬೇಜಾರಾಗ್ತದೆ ಅಂತ ಹೂಂ ಅಂದೆ. ಇದು ಹಂಗಲ್ಲ. ಎತ್ತ ತಿರುಗಿದರೂ ಇದೇ ಇದೆ. ನನಗೆ ಒಂಚೂರೂ ತಪ್ಪಿಹೋಗಲಿಲ್ಲ."

ನನಗೆ ದುಃಖ ಉಕ್ಕಿ ಬಂತು, ನಾನು ಅಲ್ಲೇ ನಿಂತು ಅತ್ತುಬಿಟ್ಟೆ. ಮಾವ, ಕತ್ತಲಾಗುವ ಮೊದಲು ಘಾಟಿ ಹತ್ತಬೇಕು ಎನ್ನಲು ಗಡಿಯಾರ ತೆಗೆದವರು ಹಾಗೇ ಒಳಗಿಟ್ಟರು. ಒದ್ದೆ ಮರಳಿನ ಮೇಲೆ, ಮಡಿಚಿದ ಒಳ್ಳೆಯ ಪಂಚೆಯಲ್ಲೇ, ಹೆಂಡತಿಯ ಪಕ್ಕ ಕೂತರು.

ಆ ಮಳೆಗಾಲ ಕಳೆಯುವಷ್ಟರಲ್ಲಿ ಅತ್ತೆಯ ಎರಡೂ ಕಣ್ಣು ಹೋದವು. ಮಾವ ಹೇಳಿದ್ದ ಮುಂದಿನ ಬೇಸಿಗೆ ಬಂದಾಗ ಅತ್ತೆ ಗೋಡೆ ತಡವಿಕೊಂಡು ನಡೆಯುತ್ತಿದ್ದರು. ಒಂದು ಸಂಜೆ ಮಾವ ಅವರ ಪಕ್ಕ ಕೂತು, "ಈ ವರ್ಷ ಹೋದರಾಯ್ತು ಅಂತ ನಾನು ಹಟ ಮಾಡಿದ್ದೆನಲ್ಲೇ..." ಅಂದರು.

"ಅದ್ಯಾಕೆ ಈಗ? ನಾನು ನೋಡಿ ಆಯ್ತಲ್ಲ" ಅಂದರು ಅತ್ತೆ.

ಮಾವ ಎದ್ದು ಹಿತ್ತಲಿಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಇವತ್ತಿಗೂ ಯಾರಾದರೂ "ಬರೋ ವರ್ಷ ಹೋದರಾಯ್ತು ಬಿಡಿ" ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ.