ಕಸ್ತೂರಿಬಾಯಿ ಕಲಿಸಿದ ನಾಟಕ

ತರಗತಿಗೆ ಬೀಗ ಹಾಕಿ ಅರ್ಧ ಅಂಗಳ ದಾಟಿದ ಮೇಲೆ ಕಸ್ತೂರಿಬಾಯಿ ತಿರುಗಿ ಬಂದು ಬೀಗ ಜಗ್ಗಿ ನೋಡುತ್ತಿದ್ದರು. ಮತ್ತೆ ಹೋಗುವರು, ಮತ್ತೆ ಬರುವರು. ಎಪ್ಪತ್ತರ ದಶಕದಲ್ಲಿ ಸೊಲ್ಲಾಪುರದ ಒಂದು ಶಾಲೆಯಲ್ಲಿ ಅವರು ಕನ್ನಡ ಕಲಿಸುತ್ತಿದ್ದರು, ನಾನು ಗಣಿತ. ಅವರು ಷಟ್ಪದಿ ಓದತೊಡಗಿದರೆ ಪಕ್ಕದ ತರಗತಿಯ ನನ್ನ ಹುಡುಗಿಯರೂ ಲೆಕ್ಕ ಬಿಟ್ಟು ಕಿವಿಗೊಡುತ್ತಿದ್ದರು. ಪಾಠ ಮುಗಿದದ್ದೇ ತಡ, ಆ ಧೈರ್ಯ ಎಲ್ಲಿಯೋ ಹೋಗಿಬಿಡುತ್ತಿತ್ತು. "ನನ್ನ ನೆನಪಿಂದು ಭರೋಸಾ ಇಲ್ರಿ ಬಾಯಿ" ಎನ್ನುತ್ತಿದ್ದರು.

ಅವರ ಗಂಡ ಶಿವಲಿಂಗಪ್ಪನವರಿಗೆ ನೂಲಿನ ವ್ಯಾಪಾರ, ವಿಜಾಪುರ ರಸ್ತೆಯಲ್ಲಿ ಸ್ವಂತ ಮನೆ. ದನಿ ಏರಿಸಿ ಮಾತಾಡಿದವರಲ್ಲ. ಮಧ್ಯಾಹ್ನ ಹೆಂಡತಿಯ ಊಟದ ಡಬ್ಬಿಯನ್ನು ತಾವೇ ತರುತ್ತಿದ್ದರು. ಬಂದಾಗ ನಮ್ಮನ್ನು ಬದಿಗೆ ಕರೆದು, ಆಕೆಗೆ ಮರೆವು ಹೆಚ್ಚಾಗಿದೆ, ಬಹಳ ಮಾತಾಡಿಸಿದರೆ ತ್ರಾಸಾಗುತ್ತದೆ, ಸ್ವಲ್ಪ ಸಂಭಾಳಿಸಿಕೊಳ್ಳಿ ಎಂದು ಕೈಮುಗಿಯುತ್ತಿದ್ದರು. ಇಂಥ ಗಂಡ ಯಾರಿಗೆ ಸಿಗುತ್ತಾನೆ ಎಂದುಕೊಂಡು ನಾವು ಕಸ್ತೂರಿಬಾಯಿಯನ್ನು ಅವರ ಪಾಡಿಗೆ ಬಿಟ್ಟೆವು.

ಒಂದು ವರ್ಷ ಶಾಲೆಯ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಅವರು ಹುಡುಗಿಯರಿಂದ ಹಳೆಯ ದುರಂತ ನಾಟಕವೊಂದನ್ನು ಆಡಿಸಲು ಹೊರಟರು. ನಂಬಿದವನೊಬ್ಬನ ಪಿಸುಮಾತು ಕೇಳಿ ರಾಜ ತನ್ನ ನಿರಪರಾಧಿ ರಾಣಿಯನ್ನು ಕೊಲ್ಲುವ ಕಥೆ. ತಾಲೀಮಿನಲ್ಲಿ ಮಾತು ಎತ್ತಿಕೊಡುವ ಕೆಲಸ ನನ್ನದು. ಚಾಡಿ ಹೇಳುವ ಪಾತ್ರದ ಹುಡುಗಿ ಕಣ್ಣು ಕೆಕ್ಕರಿಸಿ ಅಬ್ಬರಿಸಿದಳು. ಕಸ್ತೂರಿಬಾಯಿ ತಡೆದರು.

"ಒದರಬ್ಯಾಡವಾ. ಮೆತ್ತಗ ಹೇಳು. ನಿನ್ನ ಚಲೋದಕ್ಕ ಹೇಳಾಕತ್ತೀನಿ ಅನ್ನೂವಂಗ ಹೇಳು. ಇವರಿಗಿ ಒಂದು, ಅವರಿಗಿ ಒಂದು..."

ಮಾತು ಅಲ್ಲಿಗೇ ನಿಂತಿತು. ಹುಡುಗಿಯರನ್ನು ನೀರು ಕುಡಿಯಲು ಕಳಿಸಿ ನನ್ನ ಹತ್ತಿರ ಬಂದರು.

"ಖರೇ ಹೇಳ್ರಿ ಬಾಯಿ. ನನ್ನ ಹಿಂದ ನೀವೆಲ್ಲಾ ನಗತೀರೇನು?"

ಇಲ್ಲವಲ್ಲ, ಯಾರು ಹಾಗೆ ಹೇಳಿದರು ಎಂದು ಕೇಳಿದೆ. ಮನೆಯಲ್ಲಿ ಯಜಮಾನರು ಹೇಳುತ್ತಾರೆ ಎಂದರು. ಆಗ ಶಿವಲಿಂಗಪ್ಪನವರು ನಮಗೆ ಹೇಳುತ್ತಿದ್ದುದನ್ನು ನಾನೂ ಹೇಳಿದೆ. ಇಟ್ಟ ಕೀಲಿಕೈ ಇಟ್ಟಲ್ಲಿ ಇರದೆ ಹೋದದ್ದು, ಹಾಕಿದ ಉಪ್ಪನ್ನು ಹಾಕಿಯೇ ಇಲ್ಲವೆಂದು ಅನ್ನಿಸಿಕೊಂಡದ್ದು, ತಂಗಿಗೆ ನೀನು ಬೇಡವಾಗಿದ್ದೀ ಎಂದು ಗಂಡ ನಂಬಿಸಿದ್ದು, ಒಂದೊಂದನ್ನೇ ಹೇಳುತ್ತ ಕಸ್ತೂರಿಬಾಯಿ ಆ ಕೋಣೆಯಲ್ಲಿ ಅತ್ತಿಂದಿತ್ತ ನಡೆದೇ ನಡೆದರು.

ಸಂಜೆ ಗಂಡನನ್ನು ಕೇಳಿಯೇ ಬಿಟ್ಟರಂತೆ. ಮರುದಿನ ಶಿವಲಿಂಗಪ್ಪನವರು ಶಿಕ್ಷಕರ ಕೋಣೆಗೆ ಬಂದು, ಆಕೆಗೆ ಈಗ ಇಲ್ಲದ ಸಂಶಯಗಳೂ ಬರುತ್ತಿವೆ, ನಾಟಕದ ಭಾರ ಬೇಡ ಎಂದು ಹೆಡ್‌ಮಾಸ್ತರರಿಗೆ ಮೆಲ್ಲಗೆ ಹೇಳಿದರು. ಹೆಡ್‌ಮಾಸ್ತರರು ತಲೆಯಾಡಿಸಿದರು. ಬಾಗಿಲಲ್ಲಿ ನಿಂತಿದ್ದ ಕಸ್ತೂರಿಬಾಯಿ ಒಳಗೆ ಬಂದು, "ನಾ ಏನೂ ಮರತಿಲ್ಲ" ಎಂದಷ್ಟೇ ಎಲ್ಲರೆದುರು ಹೇಳಿ, ಉಟ್ಟ ಸೀರೆಯಲ್ಲೇ ಅಕ್ಕಲಕೋಟದ ಹತ್ತಿರ ಹನ್ನೂರದಲ್ಲಿದ್ದ ತಂಗಿಯ ಮನೆಗೆ ಹೊರಟುಹೋದರು. ನಾಟಕ ಆಗಲಿಲ್ಲ. ಜನ ಶಿವಲಿಂಗಪ್ಪನವರಿಗಾಗಿಯೇ ಮರುಗಿದರು.

ಮುಂದೆ ಕಸ್ತೂರಿಬಾಯಿಗೆ ಅಕ್ಕಲಕೋಟದಲ್ಲಿ ಕೆಲಸ ಸಿಕ್ಕಿತು. ಕೊನೆಯ ಸಲ ಕಂಡದ್ದು ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ. ತಂಗಿಯ ಮಕ್ಕಳ ಸುದ್ದಿ ಹೇಳುತ್ತಿದ್ದರೂ ಕಣ್ಣು ಸೊಲ್ಲಾಪುರದ ಬಸ್ಸಿನಿಂದ ಇಳಿಯುವವರ ಮೇಲೆಯೇ. ಎರಡು ದಿನ ನಮ್ಮಲ್ಲಿ ಬಂದಿರಿ ಎಂದೆ.

"ಬರಾಕ ಮನಸ್ಸದರಿ. ಆದ್ರ ಅವರು ಭೆಟ್ಟಿ ಆದ್ರ? ಬೈದ್ರ ಅಂಜೂದಿಲ್ಲ. ಮೆತ್ತಗ ಮಾತಾಡಿದ್ರ ನಾ ಮತ್ತ ನಂಬತೀನಿ."

ನನ್ನ ಬಸ್ಸು ಬಂತು. ಕಿಟಕಿಯಿಂದ ನೋಡಿದಾಗ ಅವರು ಗದ್ದಲದ ನಡುವೆ ಬೇಗ ಬೇಗ ಹೆಜ್ಜೆ ಹಾಕುತ್ತಿದ್ದರು. ಸೊಲ್ಲಾಪುರಕ್ಕೆ ಅವರು ಮತ್ತೆ ಬರಲಿಲ್ಲ.