ಡೆಂಜಿಲ್‌ನ ರೈಫಲ್ ಮೊದಲ ಗುಂಡು ನುಂಗುತ್ತಿರಲಿಲ್ಲ

ಮೂವತ್ತೊಂದು ವರ್ಷದಿಂದ ಈ ಕಣಿವೆಯವರ ಕೋವಿಗಳನ್ನೆಲ್ಲ ನಾನೇ ರಿಪೇರಿ ಮಾಡಿಕೊಂಡು ಬಂದಿದ್ದೇನೆ. ವೆಸ್ಟ್ ವರ್ಜೀನಿಯಾದ ಈ ಮೂಲೆಯಲ್ಲಿ ಓಕಿ ಟೀಟ್ಸ್ ಅಂದರೆ ಯಾರಾದರೂ ನನ್ನ ಶೆಡ್ಡಿಗೆ ದಾರಿ ತೋರಿಸುತ್ತಾರೆ. ತಾನೇ ಗುಂಡು ತುಂಬಿಕೊಳ್ಳುವ ರೈಫಲ್ ಗುಂಡು ನುಂಗುತ್ತಿಲ್ಲ ಎಂದರೆ ನನಗೆ ತಲೆ ಕೆಡುವುದಿಲ್ಲ. ಒಂದೋ ಗುಂಡುಗಳನ್ನು ಜೋಡಿಸಿಡುವ ಮ್ಯಾಗಜಿನ್ನಿನ ತುಟಿ ಬಗ್ಗಿರುತ್ತದೆ, ಇಲ್ಲ ಅದರ ಸ್ಪ್ರಿಂಗು ಸತ್ತಿರುತ್ತದೆ, ಅದೂ ಅಲ್ಲವಾದರೆ ಯಜಮಾನ ಸೋಮಾರಿಯಾಗಿ ಒಳಗೆಲ್ಲ ಮಸಿ ಕಟ್ಟಿರುತ್ತದೆ. ಮೂರನೆಯದೇ ಹೆಚ್ಚು.

ಆದರೆ ನಮ್ಮಣ್ಣ ಡೆಂಜಿಲ್ ಸೋಮಾರಿಯಲ್ಲ. ಇಪ್ಪತ್ತೆಂಟು ವರ್ಷ ಶಾಲೆಯ ಬಸ್ಸು ಓಡಿಸಿದವನು. ಯಾವ ಮಗು ಯಾವ ತಿರುವಿನಲ್ಲಿ ವಾಂತಿ ಮಾಡುತ್ತದೆ ಅಂತ ಅವನಿಗೆ ಗೊತ್ತಿತ್ತು. ಆ ತಿರುವಿಗೆ ಮುಂಚೆಯೇ ಕಿಟಕಿ ತೆಗೆಸುತ್ತಿದ್ದ. ಚರ್ಚಿನಲ್ಲಿ ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಕೆಟ್ಟದಾಗಿ ಹಾಡುತ್ತಿದ್ದ. ಹನ್ನೆರಡನೇ ವಯಸ್ಸಿನಿಂದ ಅರವತ್ತಾರರವರೆಗೆ ಜಿಂಕೆ ಬೇಟೆಯ ಮೊದಲ ದಿನವನ್ನು ಒಮ್ಮೆಯೂ ತಪ್ಪಿಸಿಲ್ಲ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರದ ಸೋಮವಾರ, ಅದೇ ಆ ಮೊದಲ ದಿನ, ಬಂತೆಂದರೆ ಮದುವೆ ಗಂಡಿನ ಹಾಗೆ ಎದ್ದು ಕೂತಿರುತ್ತಿದ್ದ. ನನಗೆ ಗುರಿ ಹಿಡಿಯಲು ಕಲಿಸಿದವನೂ ಅವನೇ.

ಕಳೆದ ವರ್ಷ ಚಳಿಗಾಲದಲ್ಲಿ ಅವನಿಗೆ ಕರುಳಿನ ಕ್ಯಾನ್ಸರ್ ಅಂತ ಗೊತ್ತಾಯಿತು. ಕೊಯ್ದರು, ಔಷಧಿ ಹರಿಸಿದರು. ಆ ಔಷಧಿಗೆ ತಣ್ಣಗಿನದೇನೂ ಆಗಿಬರುವುದಿಲ್ಲ. ಫ್ರಿಜ್ಜಿನ ಹಾಲಿನ ಡಬ್ಬ ಮುಟ್ಟಿದರೆ ಬೆರಳಿಗೆ ಕರೆಂಟು ಹೊಡೆದಂತೆ ಕಿರುಚಿಕೊಳ್ಳುತ್ತಿದ್ದ. ಅತ್ತಿಗೆ ರೀವಾ ಒಲೆಯ ಪಾತ್ರೆ ಇಳಿಸುವ ದಪ್ಪ ಗವಸನ್ನು ಫ್ರಿಜ್ಜಿನ ಬಾಗಿಲಿಗೇ ತೂಗುಹಾಕಿದ್ದಳು. ಬೇಸಗೆಗೆ ಎಲ್ಲ ಮುಗಿಯಿತು. "ಗೆದ್ದೆ ಕಣೋ," ಅಂತ ನಮ್ಮಣ್ಣ ಐಸ್ ಹಾಕಿದ ಚಹಾ ಎರಡು ಲೋಟ ಕುಡಿದು ತೋರಿಸಿದ. ಅವತ್ತು ನಾವೆಲ್ಲ ಕುಣಿದಾಡಿದ್ದೆವು.

ಈ ನವೆಂಬರಿನಲ್ಲಿ ಅವನು ರೈಫಲ್ ತಂದು ನನ್ನ ಮೇಜಿನ ಮೇಲಿಟ್ಟ. "ಮೊದಲ ಗುಂಡು ಒಳಗೆ ಹೋಗಲ್ಲ. ಅರ್ಧದಲ್ಲಿ ಸೊಟ್ಟಗೆ ಸಿಕ್ಕಿಹಾಕ್ಕೊಳ್ಳತ್ತೆ. ಆಮೇಲಿನವು ಸರಿಯಾಗೇ ಬರ್ತವೆ."

ಹೊಸ ಮ್ಯಾಗಜಿನ್ ಹಾಕಿದೆ. ಇಂಥ ರೈಫಲಿನಲ್ಲಿ ಮೊದಲ ಗುಂಡಿಗೆ ಮಾತ್ರ ಬೋಲ್ಟಿನ ಹಿಡಿಯನ್ನು ಕೈಯಿಂದ ಪೂರ್ತಿ ಹಿಂದಕ್ಕೆಳೆದು ಬಿಡಬೇಕು, ಆಮೇಲಿನವನ್ನು ಅದೇ ತುಂಬಿಕೊಳ್ಳುತ್ತದೆ. ಶೆಡ್ಡಿನಲ್ಲಿ ಇಪ್ಪತ್ತು ಸಲ ಬೋಲ್ಟ್ ಎಳೆದು ಬಿಟ್ಟೆ, ಇಪ್ಪತ್ತು ಸಲವೂ ಗುಂಡು ಬೆಣ್ಣೆಯಲ್ಲಿ ಚಾಕು ಹೋದಂತೆ ಹೋಯಿತು. ಕಳಿಸಿದೆ. ಮೂರು ದಿನಕ್ಕೆ ಮತ್ತೆ ಬಂದ. ನಳಿಗೆಯ ಬುಡ ಉಜ್ಜಿದೆ, ಬೋಲ್ಟಿನ ಹಿಂದಿನ ದೊಡ್ಡ ಸ್ಪ್ರಿಂಗು ಬದಲಾಯಿಸಿದೆ, ಕಳಿಸಿದೆ. ವಾರಕ್ಕೆ ಮತ್ತೆ ಬಂದ.

ನನಗೆ ರೇಗಿಹೋಯಿತು. "ಏನೋ ಇದು ನಿನ್ನ ಗೋಳು? ನನ್ನ ಕೈಯಲ್ಲಿ ಸರಿಯಾಗಿರತ್ತೆ, ನಿನ್ನ ಕೈಗೆ ಹೋದ ತಕ್ಷಣ ಕೆಡತ್ತೆ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!"

"ಹೋಗೋ, ದೊಡ್ಡ ಮನುಷ್ಯ. ಒಂದು ರೈಫಲ್ ರಿಪೇರಿ ಮಾಡಕ್ಕೆ ಬರಲ್ಲ, ಗಾದೆ ಬೇರೆ," ಅಂದ. ನಕ್ಕ. ಕೈ ಮಾತ್ರ ಜೇಬಿನಿಂದ ತೆಗೆಯಲಿಲ್ಲ.

ನನ್ನ ಬುದ್ಧಿಗೆ ಆಗ ಹೊಳೆದದ್ದು ಎಣ್ಣೆ. ಶೆಡ್ಡಿನಲ್ಲಿ ಒಲೆ ಉರಿಯುತ್ತಿರುತ್ತದೆ; ಬೆಟ್ಟದ ಮೇಲೆ ಚಳಿಗೆ ಎಣ್ಣೆ ಗಟ್ಟಿಯಾಗಿ ಬೋಲ್ಟ್ ಹಿಡಿಯುತ್ತಿರಬಹುದು. ಇದ್ದ ಎಣ್ಣೆಯನ್ನೆಲ್ಲ ಒರೆಸಿ, ರೈಫಲನ್ನು ರಾತ್ರಿಯಿಡೀ ಜಗಲಿಯಲ್ಲಿಟ್ಟೆ. ಬೆಳಿಗ್ಗೆ ಅದರ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾಗಿತ್ತು. ಸಿಡಿಯದ ಸುಳ್ಳು ಗುಂಡು ತುಂಬಿ ಬೋಲ್ಟ್ ಎಳೆದು ಬಿಟ್ಟೆ. ಟಕ್ಕನೆ ಒಳಗೆ ಹೋಯಿತು. ಡೆಂಜಿಲ್‌ಗೆ ಫೋನ್ ಮಾಡಿ, "ಬಾ ಇಲ್ಲಿ, ನನ್ನ ಕಣ್ಣೆದುರಿಗೇ ಎಳಿ," ಅಂದೆ.

ಬಂದ. ಜಗಲಿಯಲ್ಲಿ ನಿಂತು ರೈಫಲನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಗವಸು ತೆಗೆದ. ಬಲಗೈ ಬರಿದಾಗಿರಬೇಕು, ಇಲ್ಲದಿದ್ದರೆ ಕೋವಿಯ ಮಾತು ಕೇಳಿಸುವುದಿಲ್ಲ ಅಂತ ನಮ್ಮಪ್ಪ ಹೇಳಿಕೊಟ್ಟದ್ದು. ನಾವಿಬ್ಬರೂ ಬೇರೆ ಥರ ಕಲಿಯಲೇ ಇಲ್ಲ. ಬೋಲ್ಟಿನ ಹಿಡಿಗೆ ಅವನ ಬೆರಳು ತಾಗಿತು. ಮುಖ ಕಿವುಚಿಕೊಂಡಿತು, ತೋಳು ಜಿಗಿಯಿತು, ಬೋಲ್ಟ್ ಅರ್ಧ ಹಿಂದೆ ಬಂದು ಕೈಜಾರಿ ಮುಂದೆ ಹೋಯಿತು. ಗುಂಡು ಸೊಟ್ಟಗೆ ಸಿಕ್ಕಿಕೊಂಡಿತು.

"ನೋಡಿದ್ಯಾ? ನಾನು ಹೇಳ್ಲಿಲ್ವಾ?" ಅಂದ.

ನಾನು ನೋಡಿದ್ದು ರೈಫಲನ್ನಲ್ಲ. ಅತ್ತಿಗೆ ಫ್ರಿಜ್ಜಿನ ಬಾಗಿಲಿಗೆ ತೂಗುಹಾಕಿದ್ದ ಗವಸು ನೆನಪಾಯಿತು. "ಯಾವಾಗಿಂದ?" ಅಂದೆ.

"ಯಾವಾಗಿಂದ ಅಂದ್ರೆ? ಇದೇ ತಿಂಗಳಿಂದ ಸಿಕ್ಕಿಹಾಕ್ಕೊಳ್ತಿದೆ."

"ಡೆಂಜಿಲ್. ಔಷಧಿ ಯಾವಾಗಿಂದ ಮತ್ತೆ ಶುರುವಾಯ್ತು?"

ಅವನು ಗವಸು ಹಾಕಿಕೊಂಡ. "ಅಕ್ಟೋಬರ್. ಲಿವರ್‌ಗೆ ಬಂದಿದೆಯಂತೆ ಈ ಸಲ."

"ರೀವಾ ತಂಗಿ ಮನೆಗೆ ಹೋಗ್ತೀವಿ ಅಂತಿದ್ರಲ್ಲ, ಹದಿನೈದು ದಿನಕ್ಕೊಂದ್ಸಲ…"

"ಅವಳ ತಂಗಿ ಮುಖ ನೋಡಕ್ಕೆ ನಾನು ಅಷ್ಟು ಸಲ ಹೋಗ್ತೀನಾ? ನಿನಗೆ ಅಷ್ಟೂ ಹೊಳೀಲಿಲ್ವಲ್ಲೋ ದಡ್ಡ."

"ವಾಸಿ ಆಗತ್ತೆ ಅಂದ್ರಾ?"

"ಸ್ವಲ್ಪ ದಿನ ತಡೆಯತ್ತೆ ಅಂದ್ರು." ಆಮೇಲೆ ನನ್ನ ತೋಳು ಹಿಡಿದುಕೊಂಡ. "ಊರಿಗೆಲ್ಲ ಗೊತ್ತಾದ್ರೆ ಶನಿವಾರದೊಳಗೆ ಮನೆ ತುಂಬ ಅಡುಗೆ ತಿಂಡಿ ತಂದು ಅಳ್ತಾ ಕೂರ್ತಾರೆ. ಈ ಬೇಟೆ ಒಂದು ಮುಗೀಲಿ ಕಣೋ. ಒಂದು ದಿನ ನಾನು ಬರೀ ಡೆಂಜಿಲ್ ಆಗಿರ್ತೀನಿ. ಅಲ್ಲೀವರೆಗೆ ರೈಫಲ್ ಕೆಟ್ಟಿದೆ ಅಂತಲೇ ಇರ್ಲಿ. ಬರಿಗೈಲಿ ಬೆಟ್ಟಕ್ಕೆ ಬಂದು ನಿನ್ನ ಪಕ್ಕ ಕೂರ್ತೀನಿ."

ಆಯಿತು ಅಂದೆ. ಆ ರೈಫಲನ್ನು ಒಳಗೆ ತಂದು ಪೂರ್ತಿ ಬಿಚ್ಚಿದೆ. ಒಂದೊಂದು ತುಂಡನ್ನೂ ಒರೆಸಿದೆ, ಎಲ್ಲವೂ ಹೊಸದರಂತಿದ್ದವು. ಮತ್ತೆ ಜೋಡಿಸಿದೆ. ಮತ್ತೆ ಬಿಚ್ಚಿದೆ. ದೇವರೇ, ಒಂದಾದರೂ ತುಂಡು ಮುರಿದಿರಬಾರದಿತ್ತೇ ಅನ್ನಿಸಿತು.

ಸೋಮವಾರ ಬೆಳಗಿನ ಜಾವ ಅಗ್ನಿಶಾಮಕ ಸ್ವಯಂಸೇವಕರ ಸಭಾಂಗಣದಲ್ಲಿ ಎಂದಿನಂತೆ ಬೇಟೆಯವರ ನಾಷ್ಟಾ ಇತ್ತು. ದಪ್ಪ ದೋಸೆಯಂಥ ಬಕ್‌ವೀಟ್ ಕೇಕು, ಸಾಸೇಜು, ಕಾಫಿ. ನಮ್ಮಣ್ಣನ ಬಳಿ ಕೋವಿ ಇಲ್ಲದ್ದನ್ನು ಮೊದಲು ಕಂಡವನು ಮರದ ಮಿಲ್ಲಿನ ಜೂನಿಯರ್ ಸಿಸ್ಲರ್. ಅವನಿಗೆ ಗಂಟಲೂ ದೊಡ್ಡದು, ಮನಸ್ಸೂ ದೊಡ್ಡದು.

"ಏನ್ ಡೆಂಜಿಲ್, ಜಿಂಕೇನ ಕೈಯಲ್ಲೇ ಹಿಡೀತೀಯಾ?"

"ಓಕಿ ಹತ್ರ ಬಿಟ್ಟಿದೀನಿ. ಗುಂಡು ನುಂಗಲ್ಲ ಅಂತದೆ."

"ಅಯ್ಯೋ ಓಕಿ! ಸ್ವಂತ ಅಣ್ಣನ ಕೋವಿ ರಿಪೇರಿ ಆಗ್ಲಿಲ್ವಾ ನಿನ್ನ ಕೈಲಿ?" ಇಡೀ ಸಭಾಂಗಣವೇ ನಕ್ಕಿತು.

"ಆಗ್ಲಿಲ್ಲ," ಅಂದೆ.

"ಅದಕ್ಕೇನಂತೆ! ನನ್ನ ಟ್ರಕ್ಕಲ್ಲಿ ಇನ್ನೊಂದಿದೆ. ಬಾ, ತಗೋ. ಐವತ್ನಾಲ್ಕು ವರ್ಷ ತಪ್ಪಿಸದೇ ಇರೋ ಮನುಷ್ಯ ಬರಿಗೈಲಿ ಹೋಗೋದು ಅಂದ್ರೇನು!"

ಎಲ್ಲರೂ ಹೌದು ಹೌದು ಅಂದರು. ಬೇಡ ಅನ್ನಲು ನಮ್ಮಣ್ಣ ಬಾಯಿ ತೆಗೆದ, ಕಾರಣ ಸಿಗಲಿಲ್ಲ. ನನಗೂ ಸಿಗಲಿಲ್ಲ. ಆರೇಳು ಜನ ಅವನ ಜೊತೆಗೇ ಹೊರಗೆ ಬಂದರು.

ಟ್ರಕ್ಕಿನ ಗಾಜಿನ ಮೇಲೆಲ್ಲ ಮಂಜು ಕೂತಿತ್ತು. ಹಿಂಬದಿಯಲ್ಲಿ ರಾತ್ರಿಯಿಡೀ ಬಿದ್ದಿದ್ದ ರೈಫಲನ್ನು ತೆಗೆದು ಜೂನಿಯರ್ ಎರಡೂ ಕೈಯಲ್ಲಿ ಮುಂದೆ ಚಾಚಿದ. ನಮ್ಮ ಕಡೆ ಒಬ್ಬರ ಕೋವಿಯನ್ನು ಇನ್ನೊಬ್ಬರು ಹಾಗೇ ತೆಗೆದುಕೊಳ್ಳುವಂತಿಲ್ಲ. ಕೊಟ್ಟವನ ಎದುರಿಗೇ ಬೋಲ್ಟನ್ನು ಪೂರ್ತಿ ಎಳೆದು, ನಳಿಗೆಯ ಬುಡಕ್ಕೆ ಬೆರಳು ಹಾಕಿ, ಗುಂಡಿಲ್ಲ ಅಂತ ಮುಟ್ಟಿ ನೋಡಬೇಕು. ಇದನ್ನು ಈ ಊರಿನ ಅರ್ಧ ಜನಕ್ಕೆ ಕಲಿಸಿದ್ದು ಡೆಂಜಿಲೇ.

"ಕೊಡಿಲ್ಲಿ, ನಾನು ನೋಡ್ತೀನಿ," ಅಂತ ಕೈ ಚಾಚಿದೆ.

"ಸುಮ್ನಿರೋ ಓಕಿ, ನೀನು ಮುಟ್ಟಿದ್ರೆ ಇದೂ ಕೆಡತ್ತೆ!" ಅಂದ ಜೂನಿಯರ್. ಮತ್ತೆ ಎಲ್ಲರೂ ನಕ್ಕರು.

ನಮ್ಮಣ್ಣ ಗವಸು ತೆಗೆದು ಕಂಕುಳಲ್ಲಿ ಸಿಕ್ಕಿಸಿಕೊಂಡ. ಹಿಡಿಯನ್ನು ಹಿಡಿದ. ಈ ಸಲ ಬಿಡಲಿಲ್ಲ, ಕೊನೆಯವರೆಗೂ ಎಳೆದ. ತೋರುಬೆರಳನ್ನು ಒಳಗೆ ಹಾಕಿ ನಿಧಾನವಾಗಿ ಮುಟ್ಟಿ ನೋಡಿದ. ಅವನ ಕಣ್ಣಿನಿಂದ ನೀರು ಗಡ್ಡದವರೆಗೂ ಇಳಿಯಿತು.

"ಖಾಲಿ ಇದೆ," ಅಂದ.

"ಎಂಥಾ ಚಳಿ ಅಲ್ವಾ, ಕಣ್ಣಲ್ಲಿ ನೀರು ಬರತ್ತೆ," ಅಂದ ಜೂನಿಯರ್.

"ಹ್ಞೂಂ," ಅಂದ ನಮ್ಮಣ್ಣ, "ಥ್ಯಾಂಕ್ಸ್ ಜೂನಿಯರ್." ನಾನು ಅವನ ಪಕ್ಕದಲ್ಲೇ ನಿಂತಿದ್ದೆ, ಎರಡೂ ಕೈ ಖಾಲಿ ಇಟ್ಟುಕೊಂಡು.