ಹಿಡಿದ ಹೊಲಿಗೆ

ಟೇಪಕ್ಕ ಬಾಯಿಗೂ ಗುಂಡಿ ಹಾಕಿಕೊಂಡಿದ್ದಾಳೆ ಅಂತ ಬೀದಿಯವರು ಹೇಳುತ್ತಿದ್ದರು. ಅವಳ ಕಿವಿಗೆ ಬಿದ್ದ ಮಾತು ಬಾವಿಗೆ ಬಿದ್ದ ಉಂಗುರ, ನೀರು ಬತ್ತಿದರೂ ಕೈಗೆ ಸಿಕ್ಕಲ್ಲ ಅನ್ನುತ್ತಿದ್ದರು. ಬಟ್ಟೆ ಹೊಲಿಯುವವರ ಕೆಲಸ ಅಂದರೆ ಹಾಗೇ ತಾನೆ? ಬಂದವರ ಸೊಂಟಕ್ಕೆ ಟೇಪು ಸುತ್ತಿದರೆ ಸಾಕು, ಯಾರು ಬಸುರಿ, ಯಾರಿಗೆ ಹೊಟ್ಟೆಗೆ ಸರಿಯಾಗಿ ಸೇರುತ್ತಿಲ್ಲ, ಯಾರ ತೋಳಿನ ಮೇಲೆ ಗಂಡನ ಬೆರಳಿನ ಗುರುತಿದೆ, ಎಲ್ಲ ಗೊತ್ತಾಗಿಬಿಡುತ್ತಿತ್ತು. ಗೊತ್ತಾದದ್ದು ಅವಳಲ್ಲೇ ಉಳಿಯುತ್ತಿತ್ತು.

ಬೀದಿಯವರೇನು ಕಡಿಮೆಯೇ? ಬಾಯಿ ಬಿಡದವಳಿಂದ ಸುದ್ದಿ ತೆಗೆಯುವ ಉಪಾಯ ಕಂಡುಕೊಂಡಿದ್ದರು. ಟೇಪಕ್ಕ ಸುಳ್ಳಾಡುವವಳಲ್ಲ. ಕೇಳಿದ ಮಾತು ನಿಜವಲ್ಲದಿದ್ದರೆ ‘ಇಲ್ಲ’ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದಳು. ನಿಜವಾಗಿದ್ದರೆ ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ‘ಇಲ್ಲ ಅಂದರೆ ಇಲ್ಲ, ದಾರ ಪೋಣಿಸಿದರೆ ಹೌದು’ ಅನ್ನೋದು ಬೀದಿಯಲ್ಲಿ ಗಾದೆಯೇ ಆಗಿಹೋಗಿತ್ತು. ಆ ಗಾದೆ ಗೊತ್ತಿಲ್ಲದಿದ್ದವಳು ಅವಳೊಬ್ಬಳೇ.

ಅವಳ ತಂಗಿಯದು ತದ್ವಿರುದ್ಧ. ಒಂದೇ ತಾಯಿಯ ಹೊಟ್ಟೆಯಲ್ಲಿ ಬೀಗವೂ ಹುಟ್ಟಿತು, ಗಿರಣಿಯೂ ಹುಟ್ಟಿತು ಅಂತ ಮೇಲ್ಮನೆಯ ಅತ್ತೆ ನಗುತ್ತಿದ್ದಳು. ಗಿರಣಿ ಅನ್ನೋದೇ ತಂಗಿಗೆ ಹೆಸರಾಗಿ ನಿಂತಿತು. ಅಕ್ಕನ ಗಂಡ ತೀರಿಕೊಂಡಾಗ ನಾಲ್ಕು ದಿನ ಜೊತೆಗಿದ್ದು ಹೋಗುತ್ತೇನೆ ಅಂತ ಬಂದವಳು ಹೋಗಲೇ ಇಲ್ಲ. ಅಕ್ಕ ಹೊಲಿದದ್ದಕ್ಕೆ ಗುಂಡಿ ಹಚ್ಚುವುದು, ಇಸ್ತ್ರಿ ಮಾಡುವುದು ಅವಳ ಪಾಲು. ಅದರ ಜೊತೆಗೆ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ಹಗಲೆಲ್ಲ ನೋಡಿಕೊಳ್ಳುತ್ತಿದ್ದಳು. ಹೊರಗಿನ ಕೋಣೆಯಲ್ಲಿ ಕಿಟಕಿ ಕೆಳಗೆ ಮಿಷನ್ನು, ಮಿಷನ್ನಿನ ಪಕ್ಕ ಚಾಪೆ, ಚಾಪೆಯ ತುಂಬ ದಾರ ಮುಗಿದ ಖಾಲಿ ರೀಲುಗಳನ್ನು ಉರುಳಿಸುವ ಮಕ್ಕಳು. ಗಿರಣಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿರಲಿಲ್ಲ. ಇವೇ ಅವಳ ಮಕ್ಕಳು.

ಹೊಲಿಗೆಯವರ ಭಾಷೆಯಲ್ಲಿ ಎರಡು ಮಾತುಂಟು. ಮೈ ಇಳಿದವರ ಬಟ್ಟೆಯನ್ನು ‘ಹಿಡಿಯೋದು’, ಮೈ ತುಂಬಿಕೊಂಡವರ ಬಟ್ಟೆಯನ್ನು ‘ಬಿಡೋದು’. ಹಿಡಿದಾಗ ಹೆಚ್ಚಿನ ಬಟ್ಟೆ ಕತ್ತರಿಸಬಾರದು, ಒಳಗೆ ಮಡಚಿ ಹೊಲಿದು ಇಟ್ಟಿರಬೇಕು. ನಾಳೆ ಬಿಡಬೇಕಾಗಿ ಬಂದೀತು. ಹೊರಗಿನಿಂದ ನೋಡಿದವರಿಗೆ ಏನೂ ತಿಳಿಯಬಾರದು. ಅದೇ ಕೈಗುಣ.

ಒಂದು ದಿನ ಗಿರಣಿ ಅಕ್ಕನ ಬೂದು ಬಣ್ಣದ ಉದ್ದಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಇಸ್ತ್ರಿಪೆಟ್ಟಿಗೆ ಅಂಗಿಯ ಪಕ್ಕದ ಹೊಲಿಗೆಯ ಮೇಲೆ ಮುಂದೆ ಹೋಗದೆ ನಿಂತಿತು. ಏನಪ್ಪಾ ಇದು ಗಂಟು ಅಂತ ಅಂಗಿಯನ್ನು ಒಳಮೈ ಹೊರಗೆ ಮಾಡಿ ನೋಡಿದಳು. ಹಿಡಿದ ಹೊಲಿಗೆ. ಅದರ ಪಕ್ಕ ಇನ್ನೊಂದು, ಅದರಾಚೆ ಮತ್ತೊಂದು. ಮರ ಕಡಿದರೆ ಕಾಣುವ ಸುತ್ತುಗಳ ಹಾಗೆ ಹೊಲಿಗೆಯ ಮೇಲೆ ಹೊಲಿಗೆ, ಒಳಗೊಳಗೆ ಸರಿದುಕೊಂಡು ಹೋಗಿತ್ತು. ಮಡಚಿಟ್ಟ ಬಟ್ಟೆಯೇ ಅಂಗೈ ಅಗಲ. ಬೀರು ತೆಗೆದು ಇನ್ನೊಂದು ಅಂಗಿ ನೋಡಿದಳು, ಅದರಲ್ಲೂ ಹಾಗೇ. ಅಂಗಿ ನೆಟ್ಟಗೆ ಕೂರುತ್ತಿದೆ, ಅಕ್ಕ ಇದ್ದ ಹಾಗೇ ಇದ್ದಾಳೆ ಅಂತ ದಿನಾ ಎದುರಿಗೇ ಕೂತು ಉಂಡ ತಂಗಿ ತಿಳಿದುಕೊಂಡಿದ್ದಳು. ಅಂಗಿಯೊಳಗಿನ ಅಕ್ಕ ಕರಗುತ್ತಿದ್ದಳು.

ಮಿಷನ್ನಿನ ಎದುರು ಕೂತಿದ್ದ ಅಕ್ಕನ ಮುಂದೆ ಅಂಗಿ ಹಿಡಿದು ನಿಂತಳು. ಟೇಪಕ್ಕ ಅಂಗಿ ನೋಡಿದಳು, ತಂಗಿಯ ಮುಖ ನೋಡಿದಳು, ಸೂಜಿ ತೆಗೆದು ದಾರ ಪೋಣಿಸತೊಡಗಿದಳು. ದಾರ ಸೂಜಿಯ ಕಣ್ಣಿಗೆ ಹೋಗಲಿಲ್ಲ.

ಆಮೇಲೆ ಒಂದೊಂದೇ ಹೊರಬಂತು. ಹೊಟ್ಟೆಯೊಳಗೆ ಗಡ್ಡೆ. ದೊಡ್ಡ ಆಸ್ಪತ್ರೆಗೆ ಒಬ್ಬಳೇ ಹೋಗಿ ತೋರಿಸಿಕೊಂಡು ಬಂದಿದ್ದಾಳೆ. ಕೊಯ್ದು ತೆಗೆಯಬೇಕು, ತೆಗೆದ ಮೇಲೂ ಎಷ್ಟು ದಿನ ಅಂತ ಹೇಳೋಕಾಗಲ್ಲ ಅಂದಿದ್ದಾರೆ ಡಾಕ್ಟರು. ಮಂಚ ಖಾಲಿಯಾದಾಗ ಕರೆಯುತ್ತಾರಂತೆ. ಗಿರಣಿ ಅಳುತ್ತಲೇ, ಮೇಲ್ಮನೆಯ ಅತ್ತೆಗೆ ಹೇಳೋಣ, ಎದುರು ಮನೆಯವರಿಗೆ ಹೇಳೋಣ, ನಾಲ್ಕು ಜನ ಜೊತೆಗೆ ನಿಂತರೆ ಭಾರ ಹಗುರಾಗುತ್ತೆ ಅಂದಳು.

“ಗಡಿಯಾರದವನನ್ನ ಮರೆತೆಯೇನೇ?” ಅಂದಳು ಟೇಪಕ್ಕ.

ಬೀದಿಯ ಮೂಲೆಯಲ್ಲಿ ಗಡಿಯಾರ ರಿಪೇರಿ ಮಾಡುವವನೊಬ್ಬನಿದ್ದ. ಕಾಯಿಲೆ ಬಂದಾಗ ಮುಚ್ಚಿಡಲಿಲ್ಲ, ಕಂಡಕಂಡವರಿಗೆಲ್ಲ ಹೇಳಿಕೊಂಡ. ಮೊದಲು ಜನ ಹಣ್ಣು ತಂದರು. ಆಮೇಲೆ ಬುದ್ಧಿವಾದ ತಂದರು. ಆಮೇಲೆ ಬರಿಗೈಯಲ್ಲಿ ಬಂದು, ರಿಪೇರಿಗೆ ಕೊಟ್ಟಿದ್ದ ತಂತಮ್ಮ ಗಡಿಯಾರಗಳನ್ನು ವಾಪಸ್ಸು ಒಯ್ದರು. ಈಗಲೋ ಆಗಲೋ ಅನ್ನುವವನ ಹತ್ತಿರ ಯಾಕೆ ಬಿಡೋದು ಅಂತ. ಅವನೋ, ಎಲ್ಲರ ಲೆಕ್ಕ ತಪ್ಪಿಸಿ ಎರಡು ವರ್ಷ ಬದುಕಿದ. ಗೋಡೆಯ ತುಂಬ ಬರೀ ಮೊಳೆ, ಅವನ ಕೈಗೆ ಕಟ್ಟಿದ್ದೊಂದೇ ಗಡಿಯಾರ. ಅವನ ಕೊನೆಯ ಪ್ಯಾಂಟು ಹಿಡಿದುಕೊಟ್ಟವಳು ಟೇಪಕ್ಕನೇ. ಅಳತೆ ಕೊಡುತ್ತಾ ಅವನು ಹೇಳಿದ್ದನಂತೆ, ಟೇಪಕ್ಕಾ, ಜನ ನನ್ನನ್ನ ನೋಡಲ್ಲ, ನನ್ನ ಹಿಂದೆ ಯಾರೋ ನಿಂತಿರೋ ಹಾಗೆ ನೋಡ್ತಾರೆ.

“ಹಾಗೆ ನೋಡಿಸ್ಕೊಳ್ಳೋಕೆ ನಂಗೆ ಭಯ ಕಣೇ. ಗಡ್ಡೆಗಿಂತ ಹೆಚ್ಚು,” ಅಂದಳು ಅಕ್ಕ. “ನನ್ನ ತಲೆ ಮೇಲೆ ಕೈಯಿಟ್ಟು ಹೇಳು, ಯಾರಿಗೂ ಹೇಳಲ್ಲ ಅಂತ.”

ತಂಗಿ ತಲೆ ಮುಟ್ಟಿ ಮಾತು ಕೊಟ್ಟಳು. ಕೊಟ್ಟ ಗಳಿಗೆಯಿಂದ ಆ ಮನೆಯೊಳಗೆ ಭಯವೂ ಒಬ್ಬ ಬಾಡಿಗೆದಾರನ ಹಾಗೆ ಸೇರಿಕೊಂಡಿತು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದರೆ ಔಷಧಿ ಗುಂಡಿಯ ಡಬ್ಬಿಯೊಳಗೆ ಹೋಗಬೇಕು. ಅಕ್ಕನಿಗೆ ವಾಂತಿ ಬಂದಾಗ ಆ ಸದ್ದು ಕಿಟಕಿ ದಾಟಬಾರದು. ಅದಕ್ಕೆ ತಂಗಿ ಓಡಿಹೋಗಿ ಮಿಷನ್ನಿನ ಮುಂದೆ ಕೂತು, ಸೂಜಿಯ ಕೆಳಗೆ ಬಟ್ಟೆ ಇಡದೆಯೇ ತುಳಿಯುತ್ತಿದ್ದಳು. ಒಳಗೆ ಅಕ್ಕ ಓಕರಿಸುವುದು, ಹೊರಗೆ ತಂಗಿ ಖಾಲಿ ಮಿಷನ್ನು ಓಡಿಸುವುದು. ಸೂಜಿ ಸುಮ್ಮನೆ ಕುಕ್ಕುತ್ತಾ ದಾರ ಸಿಕ್ಕುಸಿಕ್ಕಾಗಿ ಗುಪ್ಪೆ ಬೀಳುತ್ತಿತ್ತು. ಈಚೆಗೆ ಅಕ್ಕ ತಂಗಿಗೆ ಕೆಲಸ ಜೋರು, ಕಾಲಿಗೆ ಪುರುಸೊತ್ತಿಲ್ಲ ಅಂತ ದಾರಿಯಲ್ಲಿ ಹೋಗುವವರು ಹೇಳಿಕೊಂಡು ಹೋದರು.

ಬಾಯಿ ತೆರೆದರೆ ಎಲ್ಲಿ ಜಾರಿಬಿಡುತ್ತೋ ಅಂತ ಗಿರಣಿ ಬಾಯಿ ತೆರೆಯುವುದನ್ನೇ ಬಿಟ್ಟಳು. ನಲ್ಲಿಯ ಹತ್ತಿರ ತಲೆ ತಗ್ಗಿಸಿ ನಿಂತಳು. ಮಕ್ಕಳಿಗೆ ಕಥೆ ಹೇಳುವಾಗ ಅರ್ಧಕ್ಕೇ ನಿಲ್ಲಿಸಿ ಒಳಗಿನ ಕೋಣೆಗೆ ಕಿವಿ ಕೊಟ್ಟಳು. ಊಟ ಸೇರಲಿಲ್ಲ, ಕೆನ್ನೆ ಇಳಿಯಿತು, ಕಣ್ಣ ಕೆಳಗೆ ಕಪ್ಪಾಯಿತು. ಅಕ್ಕನ ಅಂಗಿಗಳನ್ನು ಹಿಡಿಯಲು ಅಕ್ಕನ ಕೈಯಿತ್ತು. ತಂಗಿಯ ಅಂಗಿ ಹಿಡಿಯಬೇಕು ಅಂತ ಇಬ್ಬರಿಗೂ ಹೊಳೆಯಲಿಲ್ಲ. ಅದು ಭುಜದಿಂದ ಜೋತು ಬಿದ್ದದ್ದು ಇಡೀ ಬೀದಿಗೆ ಕಂಡಿತು.

ಗಿರಣಿ ನಿಂತರೆ ಊರಿಗೇ ಕೇಳುತ್ತೆ ಅನ್ನುತ್ತಾರಲ್ಲ, ಹಾಗಾಯಿತು. ಮೇಲ್ಮನೆಯ ಅತ್ತೆ ಒಂದು ಹರಿದ ದಿಂಬಿನ ಚೀಲದ ನೆಪ ಮಾಡಿಕೊಂಡು ಇಳಿದು ಬಂದಳು. ತಂಗಿ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು. ಅತ್ತೆ ಬಾಗಿಲತ್ತ ಒಮ್ಮೆ ನೋಡಿ, ಮಿಷನ್ನಿನ ಕಡೆ ಬಾಗಿ, ಮೆಲ್ಲಗೆ ಕೇಳಿದಳು.

“ಅಲ್ಲಮ್ಮಾ, ಈ ಮನೇಲಿ ಕಾಯಿಲೆ ಇದೆ. ಅಷ್ಟು ನನಗೂ ತಿಳಿಯುತ್ತೆ. ಆ ಔಷಧಿ ವಾಸನೆ ಮೆಟ್ಟಿಲವರೆಗೂ ಬರುತ್ತೆ. ದೊಡ್ಡ ಕಾಯಿಲೆಯೇನಮ್ಮಾ?”

ಸಿಕ್ಕಿಬಿದ್ದೆ, ಇಷ್ಟು ದಿನದ ಹೊಲಿಗೆಯೆಲ್ಲ ಈ ಮುದುಕಿಯ ಮುಂದೆ ಬಿಚ್ಚಿಹೋಯಿತು ಅಂದುಕೊಂಡಳು ಟೇಪಕ್ಕ. ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸಿದಳು.

ಅತ್ತೆಯ ಕಣ್ಣು ಹಿತ್ತಲಿನ ಕಡೆ ಹೋಯಿತು. “ಪಾಪದ್ದು,” ಅಂದಳು. “ಎಷ್ಟು ಮಾತಾಡ್ತಿತ್ತು ಹುಡುಗಿ.”

ಅತ್ತೆ ಮೆಟ್ಟಿಲು ಹತ್ತಿಹೋಗುವವರೆಗೂ ಟೇಪಕ್ಕನಿಗೆ ಆ ಮಾತು ತಲೆಯೊಳಗೆ ಇಳಿಯಲಿಲ್ಲ. ಇಳಿದಾಗ ಮೊದಲು ಬಂದದ್ದು ಸಮಾಧಾನ. ಅಬ್ಬ, ನಾನಲ್ಲ. ಹಾಗಾದರೆ ಕಾಯಿಲೆ ತಂಗಿಗೆ ಅಂದುಕೊಂಡರಲ್ಲ ಅನ್ನುವ ಎರಡನೆಯ ಯೋಚನೆ ಬರುವಷ್ಟರಲ್ಲಿ ಹೊತ್ತು ಮೀರಿತ್ತು.

ಮರುದಿನ ಒಂದು ಮಗು ಬರಲಿಲ್ಲ. ಅಜ್ಜಿ ಬಂದಿದ್ದಾಳೆ, ಅವಳೇ ನೋಡಿಕೊಳ್ತಾಳೆ ಅಂತ ಹೇಳಿ ಕಳಿಸಿದರು. ಆಮೇಲೆ ಅವಳಿ ಮಕ್ಕಳ ತಾಯಿ, ಸ್ವಲ್ಪ ದಿನ ಬಿಟ್ಟು ಕಳಿಸ್ತೀನಿ ಅಂದಳು. ಅಂಟೋದಲ್ಲ ಅಂತ ಗೊತ್ತು, ಆದರೂ ಯಾಕೆ ಬೇಕು ಅಂತ ನಲ್ಲಿಯ ಹತ್ತಿರ ಯಾರೋ ಅಂದದ್ದು ಕಿಟಕಿಯೊಳಕ್ಕೆ ಬಂತು. ಚಾಪೆ ಖಾಲಿಯಾಯಿತು. ಖಾಲಿ ರೀಲುಗಳು ಉರುಳಿಸುವವರಿಲ್ಲದೆ ಮೂಲೆ ಸೇರಿದವು. ಗಡಿಯಾರದವನ ಗೋಡೆಯ ಮೊಳೆಗಳು ಟೇಪಕ್ಕನ ಕಣ್ಣೆದುರು ಬಂದು ನಿಂತವು.

ಇದೆಲ್ಲ ಯಾಕೆ ಅಂತ ಗಿರಣಿಗೆ ಗೊತ್ತಾಗದೆ ಇರುತ್ತದೆಯೇ? ಗೊತ್ತಾದಾಗ ಅವಳು ಅಳಲಿಲ್ಲ. ಒಳ್ಳೇದೇ ಆಯ್ತು ಬಿಡಕ್ಕ, ನನ್ನ ನೋಡ್ತಾ ಇದ್ರೆ ನಿನ್ನ ನೋಡಲ್ಲ ಅಂದಳು. ಹಾಗಂದವಳು ಸಂಜೆ ಹಿತ್ತಲ ಬಾಗಿಲಲ್ಲಿ ಒಬ್ಬಳೇ ನಿಂತು ತನ್ನ ಹೊಟ್ಟೆಯನ್ನು ತಾನೇ ಬೆರಳಿಂದ ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದುದನ್ನು ಟೇಪಕ್ಕ ಕಂಡಳು. ಅಷ್ಟು ಜನ ಹೇಳಿದರೆ ನಮಗೂ ಇದ್ದೀತು ಅನ್ನಿಸುವುದಿಲ್ಲವೇ? ಆ ದಿನ ಅಕ್ಕನಿಗೆ ಆದ ಭಯ ಆಸ್ಪತ್ರೆಯಲ್ಲೂ ಆಗಿರಲಿಲ್ಲ.

ಮಂಚ ಖಾಲಿಯಾಗಿದೆ, ನಾಳೆ ಬನ್ನಿ ಅಂತ ಆಸ್ಪತ್ರೆಯಿಂದ ಕರೆ ಬಂತು. ಗಿರಣಿ ಎಲ್ಲ ಯೋಚನೆ ಮಾಡಿದಳು. ಹಿತ್ತಲ ಗಲ್ಲಿಗೆ ಆಟೋ ಕರೆಸುವುದು, ಕೆಲಸಕ್ಕೆ ಹೋಗುವವರೆಲ್ಲ ಹೋಗಿ ಬೀದಿ ಖಾಲಿಯಾದ ಮೇಲೆ ಹೊರಡುವುದು, ಕೇಳಿದರೆ ತೋರಿಸಿಕೊಳ್ಳೋಕೆ ಹೋಗುತ್ತಿರುವುದು ನಾನು ಅನ್ನುವುದು.

ಆವತ್ತು ಇನ್ನೂ ಬೆಳಕಿರುವಾಗಲೇ ಟೇಪಕ್ಕ ಆ ಬೂದು ಅಂಗಿ ತೆಗೆದುಕೊಂಡು ಕಿಟಕಿಯ ಹತ್ತಿರ ಕೂತಳು. ಒಳಮೈ ಹೊರಗೆ ಮಾಡಿ, ಸಣ್ಣ ಕತ್ತರಿಯ ತುದಿಯಿಂದ ಒಂದೊಂದೇ ಹೊಲಿಗೆ ಬಿಚ್ಚಿದಳು. ಕೊನೆಯದು ಮೊದಲು, ಮೊದಲನೆಯದು ಕೊನೆಗೆ. ಪ್ರತಿ ಹೊಲಿಗೆ ಬಿಚ್ಚಿದಾಗಲೂ ಕೈ ನಿಂತು ಹೋಗುತ್ತಿತ್ತು. ಇಲ್ಲಿಗೇ ಬಿಟ್ಟರೆ ಅಷ್ಟಾಗಿ ಕಾಣಲ್ಲ ಅಂತ ಮನಸ್ಸು ಹೇಳುತ್ತಿತ್ತು. ಆದರೂ ಬಿಚ್ಚಿದಳು. ಏನು ಮಾಡ್ತಿದೀಯಕ್ಕ ಅಂತ ತಂಗಿ ಕೇಳಿದ್ದಕ್ಕೆ, ಬಿಡ್ತಿದೀನಿ ಅಂದಳು ಅಷ್ಟೆ.

ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ ಹೊರಡುವ ಹೊತ್ತಿಗೇ ಮುಂಬಾಗಿಲು ತೆಗೆದಳು. ಅಂಗಿ ಅವಳ ಮೇಲೆ ತಂತಿಗೆ ನೇತುಹಾಕಿದ ಹಾಗೆ ಇತ್ತು. ಗಾಳಿ ಬಂದು ಒಳಗೆ ಹೊಕ್ಕು ಹೊರಗೆ ಹೋಯಿತು. ನಲ್ಲಿಯ ಹತ್ತಿರ ಮಾತು ನಿಂತಿತು. ಎದುರು ಮನೆಯ ತಾಯಿ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬೀಗ ಹಾಕುತ್ತಿದ್ದವಳು ತಿರುಗಿ ನೋಡಿದಳು. ಎಲ್ಲರ ಕಣ್ಣೂ ಟೇಪಕ್ಕನನ್ನು ಮೇಲಿಂದ ಕೆಳಗೆ ಅಳೆಯಿತು. ಇಷ್ಟು ದಿನ ಅವಳು ಅವರನ್ನು ಅಳೆದಿದ್ದಳು. ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಹಿಂದಿನಿಂದ ಬಂದ ಗಿರಣಿ, ಕೈಚೀಲ ಭುಜಕ್ಕೇರಿಸಿ, ಅಕ್ಕನ ಬೆನ್ನ ಹಿಂದೆ ಅಂಗಿಯ ಹೆಚ್ಚಿನ ಬಟ್ಟೆಯನ್ನೆಲ್ಲ ಮುಷ್ಟಿಯಲ್ಲಿ ಒಟ್ಟುಮಾಡಿ ಹಿಡಿದಳು. ಮುಂದಿನಿಂದ ಅಂಗಿ ನೆಟ್ಟಗಾಯಿತು, ಹಳೆಯ ಟೇಪಕ್ಕ ನಿಂತ ಹಾಗಾಯಿತು.

“ಹಿಡೀಬೇಡ ಕಣೇ,” ಅಂದಳು ಅಕ್ಕ. “ಬಿಡು. ಕಾಣ್ಲಿ.”

ತಂಗಿಯ ಮುಷ್ಟಿ ಸಡಿಲವಾಯಿತು. ಮೇಲ್ಮನೆಯ ಅತ್ತೆ ಅರ್ಧ ಮೆಟ್ಟಿಲಲ್ಲಿ ಕಂಬಿ ಹಿಡಿದು ನಿಂತಿದ್ದಳು. ಟೇಪಕ್ಕ ತಲೆಯೆತ್ತಿ ಅವಳನ್ನೇ ನೋಡಿ, ಇಡೀ ಬೀದಿಗೆ ಕೇಳುವ ಹಾಗೆ ಹೇಳಿದಳು.

“ಅತ್ತೇ, ನನಗೆ. ಅವಳಿಗಲ್ಲ.”

ಗಡಿಯಾರದವನು ಹೇಳಿದ ನೋಟವೇ ಅದು, ಕೆಲವರ ಕಣ್ಣಲ್ಲಿ ಕಂಡಿತು. ಎದುರು ಮನೆಯ ಮಗು ಮಾತ್ರ ತಾಯಿಯ ಸೊಂಟದಿಂದಲೇ ಗಿರಣಿಯ ಕಡೆ ಎರಡೂ ಕೈ ಚಾಚಿತು, ತಾಯಿ ಎಳೆದುಕೊಳ್ಳಲಿಲ್ಲ. ಟೇಪಕ್ಕ ಅದನ್ನು ನೋಡಿದಳು. ಆಮೇಲೆ ಚೌಕಟ್ಟಿನಿಂದ ಕೈ ತೆಗೆದು, ತಂಗಿಯ ತೋಳು ಹಿಡಿದು, ಹೊಸ್ತಿಲು ದಾಟಿ ಕೆಳಗಿಳಿದಳು. ಆಸ್ಪತ್ರೆಗೆ ಹೋದ ಟೇಪಕ್ಕ ಆ ಹೊಸ್ತಿಲನ್ನು ಮತ್ತೆ ತುಳಿಯಲಿಲ್ಲ. ಬೂದು ಅಂಗಿ ಬೀದಿಯ ಕೊನೆಯವರೆಗೂ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಾ ಹೋಯಿತು.